ನೆಲೆ ಬದಲಿಸಿದ ತಂಡ

ಆಟ ಯಾವುದೇ ಆಗಿರಲಿ, ತಂಡದ ಹೆಸರಿನೊಡನೆ ಒಂದು ಊರಿನ ಹೆಸರು ಸೇರಿತೆಂದರೆ ಆ ಊರಿನವರಿಗೆ ಅದು ತಮ್ಮದೇ ಎನಿಸುತ್ತದೆ. ಅದರ ಗೆಲುವಿಗೆ ಅವರು ಹಿಗ್ಗುತ್ತಾರೆ, ಸೋಲಿಗೆ ಕುಗ್ಗುತ್ತಾರೆ. ಹೀಗಿರುವಾಗ ಆ ತಂಡವೇ ಒಂದು ದಿನ ಬಿಡಾರ ಕಿತ್ತು ಬೇರೊಂದು ಊರಿಗೆ ಹೊರಟುಹೋದರೆ? ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇಂತಹ ವಲಸೆ ಅಪರೂಪವೇನಲ್ಲ. ಅಲ್ಲಿಯ ಕಿರಿಯ ಶ್ರೇಣಿಯ ಬ್ಯಾಸ್ಕೆಟ್‌ಬಾಲ್ ತಂಡವೊಂದರ ಚರಿತ್ರೆಯು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು ಅಮೆರಿಕದಲ್ಲಿಯೇ. ೧೮೯೧ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು, ಚಳಿಗಾಲದಲ್ಲಿ ವಿದ್ಯಾರ್ಥಿಗಳು ಒಳಾಂಗಣದಲ್ಲಿ ಆಡಲೆಂದು ಇದನ್ನು ರೂಪಿಸಿದರು. ಕಾಲಕ್ರಮದಲ್ಲಿ ಅದು ವೃತ್ತಿಪರ ಕ್ರೀಡೆಯಾಗಿ ಬೆಳೆಯಿತು. ಆ ದೇಶದಲ್ಲಿ ವೃತ್ತಿಪರ ತಂಡವು ಸಾಮಾನ್ಯವಾಗಿ ಊರಿನ ಸ್ವತ್ತಲ್ಲ. ಲೀಗಿನಲ್ಲಿ ಆಡುವ ಹಕ್ಕನ್ನು ಪಡೆದ ಮಾಲೀಕನ ಸ್ವತ್ತು. ಲೀಗು ಒಪ್ಪಿದರೆ ಆತನು ಅದನ್ನು ಮಾರಬಹುದು, ಬೇರೆಡೆಗೆ ಸಾಗಿಸಬಹುದು. ಸರೋವರಗಳ ನಾಡೆನಿಸಿದ ಮಿನಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ 'ಲೇಕರ್ಸ್' ಎಂದು ಹೆಸರು ಪಡೆದ ತಂಡವು ೧೯೬೦ರಲ್ಲಿ ಲಾಸ್ ಏಂಜಲಿಸ್‌ಗೆ ತೆರಳಿದುದು ಇದಕ್ಕೊಂದು ಪ್ರಸಿದ್ಧ ಉದಾಹರಣೆ. ಸರೋವರಗಳು ಅಲ್ಲಿಯೇ ಉಳಿದವು. ಹೆಸರು ಮಾತ್ರ ತಂಡದೊಡನೆ ಹೋಯಿತು.

ಎನ್.ಬಿ.ಎ. ಎಂದು ಜಗತ್ಪ್ರಸಿದ್ಧವಾದ ಹಿರಿಯ ಲೀಗು, ತರುಣ ಆಟಗಾರರನ್ನು ಪಳಗಿಸುವ ಸಲುವಾಗಿ ೨೦೦೧ರಲ್ಲಿ ಒಂದು ಕಿರಿಯ ಲೀಗನ್ನು ಆರಂಭಿಸಿತು. ಅದರಲ್ಲಿ ಮೊದಲಿಗೆ ಇದ್ದ ತಂಡಗಳು ಎಂಟು. ಅವೆಲ್ಲವೂ ದೇಶದ ಆಗ್ನೇಯ ಭಾಗದ ಊರುಗಳಲ್ಲಿ ನೆಲೆಸಿದ್ದವು. ಅಲಬಾಮಾ ರಾಜ್ಯದ ಹಂಟ್ಸ್‌ವಿಲ್‌ನ ತಂಡವು ಅವುಗಳಲ್ಲಿ ಒಂದು. ಹಂಟ್ಸ್‌ವಿಲ್ ರಾಕೆಟ್ ನಿರ್ಮಾಣಕ್ಕೆ ಹೆಸರಾದ ನಗರ. ತಂಡಕ್ಕೆ 'ಹಾರಾಟ' ಎಂಬ ಅರ್ಥ ಬರುವ 'ಫ್ಲೈಟ್' ಎಂಬ ಹೆಸರು ಆ ನಗರಕ್ಕೆ ಒಪ್ಪುವಂತಿತ್ತು. ಅದು ಆಡುತ್ತಿದ್ದ ಸಭಾಂಗಣವೂ ರಾಕೆಟ್ ವಿಜ್ಞಾನಿ ವೆರ್ನರ್ ಫಾನ್ ಬ್ರೌನ್ ಅವರ ಹೆಸರನ್ನೇ ಹೊತ್ತಿತ್ತು.

೨೦೦೪ರಲ್ಲಿ ಹಂಟ್ಸ್‌ವಿಲ್ ತಂಡವು ಅಂತಿಮ ಪಂದ್ಯವನ್ನು ತಲುಪಿ, ಉತ್ತರ ಕ್ಯಾರೊಲಿನಾದ ಆ್ಯಶ್‌ವಿಲ್ ತಂಡಕ್ಕೆ ಸೋತಿತು. ಆ್ಯಶ್‌ವಿಲ್ ೨೦೦೫ರಲ್ಲಿಯೂ ಪ್ರಶಸ್ತಿಯನ್ನು ಉಳಿಸಿಕೊಂಡಿತು. ಆದರೆ ಅದೇ ವರ್ಷ ಗೆದ್ದ ತಂಡ, ಸೋತ ತಂಡ ಎರಡೂ ತಮ್ಮ ಊರುಗಳನ್ನು ತೊರೆದವು! ಲೀಗು ಆಗ್ನೇಯದಿಂದ ನೈಋತ್ಯದ ಕಡೆಗೆ ಹರಡಲು ಹೊರಟಿತ್ತು. ಆ್ಯಶ್‌ವಿಲ್ ತಂಡವು ಓಕ್ಲಹೋಮ ರಾಜ್ಯದ ಟಲ್ಸಾ ನಗರಕ್ಕೂ, ಹಂಟ್ಸ್‌ವಿಲ್ ತಂಡವು ಸಾವಿರ ಮೈಲಿಗೂ ಮಿಗಿಲಾದ ದೂರದಲ್ಲಿದ್ದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿಗೂ ಹೋದವು. ಅಂಕಣದಲ್ಲಿ ಗಳಿಸಿದ ಗೆಲುವು ಊರಿನಲ್ಲಿ ಉಳಿಯುವುದಕ್ಕೆ ರಕ್ಷೆಯಾಗಲಿಲ್ಲ.

ಆಲ್ಬುಕರ್ಕಿಯಲ್ಲಿ ತಂಡಕ್ಕೆ 'ಥಂಡರ್‌ಬರ್ಡ್ಸ್' ಎಂದು ನಾಮಕರಣವಾಯಿತು. ಥಂಡರ್‌ಬರ್ಡ್ ಎಂದರೆ ಅಮೆರಿಕದ ಮೂಲನಿವಾಸಿಗಳ ಪುರಾಣಗಳಲ್ಲಿ ಬರುವ ಗುಡುಗಿನ ಹಕ್ಕಿ. ಲಾಸ್ ಏಂಜಲಿಸ್ ಲೇಕರ್ಸ್‌ನ ಹಿಂದಿನ ಆಟಗಾರ ಮೈಕಲ್ ಕೂಪರ್ ಅವರ ಶಿಕ್ಷಣದಲ್ಲಿ ಅದು ತನ್ನ ಮೊದಲ ಋತುವಿನಲ್ಲಿಯೇ, ಎಂದರೆ ೨೦೦೬ರಲ್ಲಿ, ಲೀಗಿನ ಪ್ರಶಸ್ತಿಯನ್ನು ಗೆದ್ದಿತು. ಆದರೂ ಅಲ್ಲಿ ಅದು ಉಳಿದದ್ದು ಐದೇ ಋತು. ೨೦೧೦ರಲ್ಲಿ ನೆರೆಯ ರಿಯೊ ರ‍್ಯಾಂಚೊ ಪಟ್ಟಣಕ್ಕೆ ತೆರಳಿ, ನ್ಯೂ ಮೆಕ್ಸಿಕೊ ಥಂಡರ್‌ಬರ್ಡ್ಸ್ ಎಂಬ ಹೆಸರಿನಿಂದ ಒಂದು ಋತು ಆಡಿತು.

ಈ ವೇಳೆಗೆ ಕಿರಿಯ ಲೀಗಿನ ಸ್ವರೂಪವೇ ಬದಲಾಗತೊಡಗಿತ್ತು. ಹಿರಿಯ ತಂಡಗಳು ತಮ್ಮದೇ ಆದ ಕಿರಿಯ ತಂಡಗಳನ್ನು ಹೊಂದಲು ಬಯಸಿದವು. ತಮ್ಮ ತರುಣ ಆಟಗಾರರು ತಮ್ಮ ಪದ್ಧತಿಯಲ್ಲಿಯೇ ಅಭ್ಯಾಸ ಮಾಡಬೇಕು, ಬೇಕೆಂದಾಗ ಕೂಡಲೇ ಬಂದು ಸೇರುವಷ್ಟು ಹತ್ತಿರದಲ್ಲಿರಬೇಕು ಎಂಬುದು ಅವುಗಳ ಉದ್ದೇಶ. ೨೦೧೧ರಲ್ಲಿ ಒಹಾಯೊ ರಾಜ್ಯದ ಕ್ಲೀವ್‌ಲೆಂಡ್ ಕ್ಯಾವಲಿಯರ್ಸ್ ಈ ತಂಡವನ್ನು ಕೊಂಡು, ತನ್ನ ನಗರದಿಂದ ಸುಮಾರು ಒಂದು ಗಂಟೆಯ ದಾರಿಯಲ್ಲಿರುವ ಕ್ಯಾಂಟನ್ ಪಟ್ಟಣದಲ್ಲಿ ನೆಲೆಗೊಳಿಸಿತು. ಕ್ಯಾವಲಿಯರ್ ಎಂದರೆ ಕುದುರೆ ಸವಾರ. ಕಿರಿಯ ತಂಡಕ್ಕೆ 'ಮುನ್ನುಗ್ಗು' ಎಂಬ ಅರ್ಥವೂ ಇರುವ 'ಚಾರ್ಜ್' ಎಂಬ ಹೆಸರು ಸಂದಿತು.

ಕ್ಯಾಂಟನ್ ಪಟ್ಟಣವು ಹತ್ತು ವರ್ಷಗಳ ಕಾಲ ಈ ತಂಡಕ್ಕೆ ಆಶ್ರಯ ನೀಡಿತು. ಬೇರೆ ಯಾವ ಊರಿನಲ್ಲಿಯೂ ಅದು ಅಷ್ಟು ದೀರ್ಘಕಾಲ ನಿಂತಿರಲಿಲ್ಲ. ಆದರೆ ೨೦೨೦ರ ಮಾರ್ಚಿಯಲ್ಲಿ ಕೋವಿಡ್ ಸಾಂಕ್ರಾಮಿಕದಿಂದಾಗಿ ಪಂದ್ಯಗಳು ನಡುವೆಯೇ ನಿಂತುಹೋದವು. ಮುಂದಿನ ಋತುವನ್ನು ಫ್ಲಾರಿಡಾದ ಒಂದೇ ಸ್ಥಳದಲ್ಲಿ ನಡೆಸಲಾಯಿತು. ೨೦೨೧ರಲ್ಲಿ ತಂಡವು ಕ್ಲೀವ್‌ಲೆಂಡ್‌ಗೇ ಸ್ಥಳಾಂತರಗೊಂಡಿತು. ಹೀಗಾಗಿ ಕ್ಯಾಂಟನ್ನಿನ ಪ್ರೇಕ್ಷಕರಿಗೆ ತಮ್ಮ ತಂಡವನ್ನು ತಮ್ಮೂರಿನ ಅಂಕಣದಲ್ಲಿ ಕಂಡು ಬೀಳ್ಕೊಡುವ ಅವಕಾಶವೂ ದೊರೆಯಲಿಲ್ಲ. ಕ್ಲೀವ್‌ಲೆಂಡ್‌ನಲ್ಲಿಯೂ ಅದು ಮೊದಲು ವಿಶ್ವವಿದ್ಯಾನಿಲಯವೊಂದರ ಕ್ರೀಡಾಂಗಣದಲ್ಲಿ ಆಡಿ, ೨೦೨೪ರಲ್ಲಿ ಒಂದು ಶತಮಾನಕ್ಕೂ ಹಳೆಯದಾದ ನಗರದ ಸಾರ್ವಜನಿಕ ಸಭಾಭವನಕ್ಕೆ ಬಂದಿತು.

೨೦೦೧ರ ಎಂಟು ತಂಡಗಳ ಪೈಕಿ ಮೂರು ಮಾತ್ರ ಉಳಿದು ಬಂದಿವೆ. ಆ ಮೂರರಲ್ಲಿ ಒಂದಾದರೂ ತಾನು ಹುಟ್ಟಿದ ಊರಿನಲ್ಲಿಲ್ಲ. ಊರು ಬಿಡದ ತಂಡಗಳು ಅಳಿದವು. ಉಳಿದವು ಊರು ಬಿಟ್ಟವು. ಲೀಗಿನ ದೃಷ್ಟಿಯಿಂದ ಇದು ಏಳಿಗೆಯೇ ಸರಿ. ಎಂಟರಿಂದ ಆರಂಭವಾದ ತಂಡಗಳ ಸಂಖ್ಯೆ ೨೦೨೪ರ ಹೊತ್ತಿಗೆ ಮೂವತ್ತೊಂದಕ್ಕೆ ಏರಿತು. ತರುಣ ಆಟಗಾರರಿಗೂ ಇದರಿಂದ ಅವಕಾಶದ ಬಾಗಿಲು ತೆರೆಯಿತು.

ಆದರೆ ಈ ಲೆಕ್ಕದಲ್ಲಿ ಸೇರದ ಒಂದು ಬಾಬತ್ತು ಇದೆ. ಚಳಿಗಾಲದ ಸಂಜೆಗಳಲ್ಲಿ ಟಿಕೆಟ್ಟು ಕೊಂಡು, ಮಕ್ಕಳ ಕೈಹಿಡಿದು ಬಂದು, ಇನ್ನೂ ಹೆಸರು ಮಾಡದ ಆಟಗಾರರನ್ನು ಹೆಸರು ಹಿಡಿದು ಕೂಗಿ ಹುರಿದುಂಬಿಸಿದವರು ಆ ಸಣ್ಣ ಊರುಗಳ ಜನ. ತಂಡವನ್ನು ಕೊಳ್ಳಬಹುದು, ಹೆಸರನ್ನು ಬದಲಿಸಬಹುದು, ಸಾಮಾನು ಸರಂಜಾಮುಗಳನ್ನು ಸಾಗಿಸಬಹುದು. ಆ ಜನರ ಅಭಿಮಾನವನ್ನು ಮಾತ್ರ ಸಾಗಿಸಲು ಬರುವುದಿಲ್ಲ. ಪ್ರತಿಯೊಂದು ಹೊಸ ಊರಿನಲ್ಲಿಯೂ ಅದನ್ನು ಮೊದಲಿನಿಂದಲೇ ಗಳಿಸಬೇಕಾಗುತ್ತದೆ.