ಹಗುರ ರಾಡ್ ಬೇರೆ, ಹಗುರ ಲೂರ್ ಎಸೆಯೋ ರಾಡ್ ಬೇರೆ

ನಮ್ಮ ಹಾಸ್ಟೆಲ್‌ನಲ್ಲಿ ಮೀನು ಹಿಡಿಯೋ ಹುಚ್ಚಿರುವ ಗೆಳೆಯನೊಬ್ಬ ಇದ್ದಾನೆ. ಇಂಟರ್ನ್‌ಶಿಪ್‌ನಲ್ಲಿ ಬಂದ ಸ್ಟೈಪೆಂಡ್ ಪೂರ್ತಿ ಒಂದು ಬೇಟ್‌ಕಾಸ್ಟಿಂಗ್ ರಾಡ್‌ಗೆ ಹಾಕೋಕೆ ರೆಡಿಯಾಗಿದ್ದಾನೆ. ಅವನ ಪ್ರಶ್ನೆ ಇಷ್ಟೇ: "ಒಂದು ರಾಡ್ 90 ಗ್ರಾಂ, ಇನ್ನೊಂದು 110 ಗ್ರಾಂ. 3 ಗ್ರಾಂ ಲೂರ್ ಎಸೆಯೋಕೆ ಹಗುರ ಇರೋದೇ ಒಳ್ಳೇದಲ್ವಾ?"

ಇಲ್ಲ, ಹಾಗೇನಿಲ್ಲ. ಯಾಕೆ ಅನ್ನೋದಕ್ಕೆ ನಮ್ಮ ಮೆಕ್ಯಾನಿಕ್ಸ್ ಪಾಠವೇ ಸಾಕು.

ಮೊದಲು ರೀಲ್ ಕಡೆ ನೋಡೋಣ

ಲೂರ್ ಅಂದ್ರೆ ಹುಸಿ ಎರೆ. ಎರೆಹುಳದ ಬದಲು ಚಿಕ್ಕ ಮೀನಿನ ಹಾಗೆ ಓಡಾಡೋ ಲೋಹದ ಅಥವಾ ಪ್ಲಾಸ್ಟಿಕ್ ತುಂಡು. ಇದನ್ನು ದೂರ ಎಸೆಯೋಕೆ ಎರಡು ಥರದ ರೀಲ್ ಇವೆ. ಸ್ಪಿನ್ನಿಂಗ್ ರೀಲ್‌ನಲ್ಲಿ ಎಸೆಯುವಾಗ ಸ್ಪೂಲ್ ತಿರುಗಲ್ಲ, ದಾರ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡು ಹೋಗುತ್ತದೆ. ಬೇಟ್‌ಕಾಸ್ಟಿಂಗ್ ರೀಲ್‌ನಲ್ಲಿ ಸ್ಪೂಲ್ ತಾನೇ ತಿರುಗಬೇಕು, ಅದನ್ನು ತಿರುಗಿಸಬೇಕಾದದ್ದು ಹಾರುತ್ತಿರುವ ಲೂರ್.

ಒಂದು ಅಂದಾಜು ಲೆಕ್ಕ ಮಾಡೋಣ. ಸಾಮಾನ್ಯ ಸ್ಪೂಲ್ 15 ಗ್ರಾಂ, ಅದರ ಮೇಲೆ 100 ಮೀಟರ್ ದಪ್ಪ ಫ್ಲೂರೋಕಾರ್ಬನ್ ದಾರ 10 ಗ್ರಾಂ, ಒಟ್ಟು 25 ಗ್ರಾಂ ಅಂತ ಇಟ್ಕೊಳ್ಳಿ. ಅದನ್ನು ಗಟ್ಟಿ ಡಿಸ್ಕ್ ಅಂದ್ಕೊಂಡರೆ ಜಡತ್ವ ಭ್ರಮಣಾಂಕ ಅರ್ಧ ಎಂ ಆರ್ ಸ್ಕ್ವೇರ್. ಅಂದ್ರೆ ಅಂಚಿನಲ್ಲಿ ದಾರ ಎಳೆಯೋ ಲೂರ್‌ಗೆ ಅದು ಸುಮಾರು 12 ಗ್ರಾಂ ಭಾರದ ಹಾಗೆ ಅನಿಸುತ್ತದೆ. 10 ಗ್ರಾಂ ಲೂರ್‌ಗೆ ಇದು ದೊಡ್ಡ ವಿಷಯ ಅಲ್ಲ. ಆದರೆ 3 ಗ್ರಾಂ ಲೂರ್ ತನಗಿಂತ ನಾಲ್ಕು ಪಟ್ಟು ಭಾರವನ್ನು ಎಳೆದುಕೊಂಡು ಹೋಗಬೇಕು!

ಜಪಾನಿನವರು ಇದಕ್ಕೆ ಕಂಡುಕೊಂಡ ಉತ್ತರವೇ ಬೇಟ್ ಫಿನೆಸ್ ಸಿಸ್ಟಮ್, ಚಿಕ್ಕದಾಗಿ ಬಿಎಫ್‌ಎಸ್. 8 ಗ್ರಾಂ ಆಸುಪಾಸಿನ ಆಳವಿಲ್ಲದ ಸ್ಪೂಲ್, ಅದರಲ್ಲಿ 40 ಮೀಟರ್ ತೆಳು ದಾರ. ಒಟ್ಟು 10 ಗ್ರಾಂ. ಈಗ ಲೂರ್‌ಗೆ ಅನಿಸೋ ಭಾರ ಬರೀ 5 ಗ್ರಾಂ.

ಜಪಾನ್‌ನಲ್ಲೇ ಯಾಕೆ?

ಅಮೆರಿಕದ ಲಾರ್ಜ್‌ಮೌತ್ ಬಾಸ್ ಮೀನನ್ನು 1925ರಲ್ಲಿ ಜಪಾನಿನ ಆಶಿ ಸರೋವರಕ್ಕೆ ತಂದು ಬಿಟ್ಟರು. ಆಮೇಲೆ ಅದು ದೇಶವೆಲ್ಲ ಹರಡಿತು. ಅದನ್ನು ಹಿಡಿಯೋ ಜನ ಹೆಚ್ಚಾದ ಹಾಗೆ ಮೀನುಗಳೂ ಹುಷಾರಾದವು, ದೊಡ್ಡ ಲೂರ್ ಕಂಡರೆ ಹತ್ತಿರ ಬರಲ್ಲ. ಹಾಗಾಗಿ ಲೂರ್ ಚಿಕ್ಕದಾಗುತ್ತಾ ಹೋಯಿತು. ಇನ್ನೊಂದು ಕಡೆ ಅಲ್ಲಿನ ಬೆಟ್ಟದ ತೊರೆಗಳಲ್ಲಿ ಯಮಾಮೆ, ಇವಾನ ಅನ್ನೋ ಮೀನುಗಳಿವೆ. ಅಲ್ಲಿ ದೂರ ಎಸೆಯೋದಕ್ಕಿಂತ ಬಂಡೆ ಹಿಂದಿನ ಪುಟ್ಟ ಮಡುವಿಗೆ ಸರಿಯಾಗಿ ಬೀಳಿಸೋದು ಮುಖ್ಯ. ಬೇಟ್‌ಕಾಸ್ಟಿಂಗ್‌ನಲ್ಲಿ ಹೆಬ್ಬೆರಳಿಂದ ಸ್ಪೂಲ್ ಮುಟ್ಟಿ ಲೂರನ್ನು ಬೇಕಾದ ಜಾಗದಲ್ಲೇ ನಿಲ್ಲಿಸಬಹುದು.

ಈಗ ರಾಡ್

ರಾಡ್ ಅಂದ್ರೆ ಒಂದು ಕಡೆ ಹಿಡಿದಿರೋ ಕ್ಯಾಂಟಿಲಿವರ್ ಬೀಮ್. ಹಿಂದಕ್ಕೆ ಬೀಸಿದಾಗ ಲೂರ್‌ನ ಭಾರಕ್ಕೆ ಅದು ಬಾಗಬೇಕು, ಮುಂದಕ್ಕೆ ಬರುವಾಗ ಬಿಲ್ಲಿನ ಹಾಗೆ ಆ ಶಕ್ತಿಯನ್ನು ವಾಪಸ್ ಕೊಡಬೇಕು. ಬಿರುಸು ರಾಡ್‌ಗೆ 3 ಗ್ರಾಂ ಕಟ್ಟಿದರೆ ಅದು ಬಾಗೋದೇ ಇಲ್ಲ. ಆಗ ಕೈ ಜೋರಾಗಿ ಜಾಡಿಸುತ್ತದೆ, ಸ್ಪೂಲ್ ಧಡ್ ಅಂತ ವೇಗ ಹಿಡಿಯುತ್ತದೆ. ಗಾಳಿಯಲ್ಲಿ ಲೂರ್ ನಿಧಾನವಾದರೂ ಸ್ಪೂಲ್ ತಿರುಗ್ತಾನೇ ಇರುತ್ತದೆ. ದಾರವೆಲ್ಲ ಸಿಕ್ಕು!

ಜಾಹೀರಾತುಗಳಲ್ಲಿ "24 ಟನ್ ಕಾರ್ಬನ್", "40 ಟನ್ ಕಾರ್ಬನ್" ಅಂತ ಇರುತ್ತದೆ. ಅದು ರಾಡ್ ಎತ್ತೋ ತೂಕ ಅಲ್ಲ, ನಾರಿನ ಯಂಗ್ಸ್ ಮಾಡ್ಯುಲಸ್. ಚದರ ಮಿಲಿಮೀಟರ್‌ಗೆ 24 ಟನ್ ಬಲ ಅಂದ್ರೆ ಸುಮಾರು 235 ಗಿಗಾಪ್ಯಾಸ್ಕಲ್. ಗ್ಲಾಸ್ ಫೈಬರ್‌ಗೆ ಇದು ಸುಮಾರು 72. ಟನ್ ಜಾಸ್ತಿಯಾದಷ್ಟೂ ಅದೇ ಬಿರುಸಿಗೆ ಕಡಿಮೆ ವಸ್ತು ಸಾಕು, ರಾಡ್ ಹಗುರ ಆಗುತ್ತದೆ. ಆದರೆ ಅಂಥ ನಾರು ಕಡಿಮೆ ಹಿಗ್ಗಿಗೇ ಮುರಿಯುತ್ತದೆ, ಕೊಳವೆಯ ಗೋಡೆಯೂ ತೆಳು, ಕಲ್ಲಿಗೆ ತಾಗಿದರೆ ಕಷ್ಟ.

ಅಂದ್ರೆ 90 ಗ್ರಾಂ ಅನ್ನೋ ಅಂಕಿ ನಿಮ್ಮ ಮಣಿಕಟ್ಟಿಗೆ ಸಂಬಂಧಪಟ್ಟದ್ದು. ಲೂರ್‌ಗೆ ಸಂಬಂಧಪಟ್ಟ ಅಂಕಿ ಹಿಡಿಕೆಯ ಮೇಲೆ ಬರೆದಿರೋ ಲೂರ್ ತೂಕದ ಮಿತಿ.

ಮೂರು ಥರದ ರಾಡ್

1. ಐದು ಅಡಿ ಆಸುಪಾಸಿನ ಅಲ್ಟ್ರಾಲೈಟ್, 1ರಿಂದ 5 ಗ್ರಾಂ. ಗ್ಲಾಸ್ ಅಥವಾ ಕಡಿಮೆ ಟನ್ ಕಾರ್ಬನ್, ತುದಿಯಿಂದ ಹಿಡಿಕೆವರೆಗೂ ಬಾಗುತ್ತದೆ. ನಿಧಾನವಾಗಿ ತಳ್ಳೋದರಿಂದ ಸ್ಪೂಲ್ ಕೂಡ ಮೆತ್ತಗೆ ಶುರುವಾಗುತ್ತದೆ. 3 ಗ್ರಾಂ ಸ್ಪೂನ್‌ಗೆ ಹೇಳಿ ಮಾಡಿಸಿದ್ದು. ದೊಡ್ಡ ಮೀನಿಗೆ ಆಗಲ್ಲ.

2. ಆರು ಅಡಿ ಮೇಲಿನ ಲೈಟ್, 2ರಿಂದ 7 ಗ್ರಾಂ. ತುದಿ ಮೆತ್ತಗೆ, ನಡು ಗಟ್ಟಿ. 4-5 ಗ್ರಾಂ ಲೂರ್‌ನಲ್ಲಿ ಇದರ ಮಜಾ ಗೊತ್ತಾಗುತ್ತದೆ. 2 ಗ್ರಾಂ ಎಸೆಯೋಕೆ ಅಭ್ಯಾಸ ಬೇಕು.

3. ಆರೂವರೆ ಅಡಿಯ ಮೀಡಿಯಂ ಲೈಟ್, 5ರಿಂದ 14 ಗ್ರಾಂ. ತುದಿ ಮಾತ್ರ ಬಾಗುತ್ತದೆ. ಒಳ್ಳೇ ಕಾರ್ಬನ್ ಆದರೆ ಮೂರರಲ್ಲಿ ಇದೇ ಹಗುರ ಇರಬಹುದು. ಆದರೂ 3 ಗ್ರಾಂಗೆ ಇದು ಕೋಲು ಇದ್ದಂಗೆ.

ಲೈಟ್, ಅಲ್ಟ್ರಾಲೈಟ್ ಅನ್ನೋ ಹೆಸರಿಗೆ ಎಲ್ಲರೂ ಒಪ್ಪಿದ ಅಳತೆ ಇಲ್ಲ, ಕಂಪನಿಯಿಂದ ಕಂಪನಿಗೆ ಬೇರೆ. ಆದ್ದರಿಂದ ಗ್ರಾಂ ನೋಡಿ. ಔನ್ಸ್‌ನಲ್ಲಿದ್ದರೆ ಎಂಟನೇ ಒಂದು ಔನ್ಸ್ ಅಂದ್ರೆ 3.5 ಗ್ರಾಂ. ನೀವು ಹೆಚ್ಚಾಗಿ ಎಸೆಯೋ ಲೂರ್ ಆ ಮಿತಿಯ ನಡುವೆ ಬರಬೇಕು, ತುದಿಯಲ್ಲಿ ಅಲ್ಲ. ತುದಿಯ ಗೈಡ್ ರಿಂಗ್‌ಗಳು ಚಿಕ್ಕದಾಗಿ, ಹಗುರವಾಗಿ ಇವೆಯಾ ನೋಡಿ. ತುದಿಯಲ್ಲಿ ಒಂದು ಗ್ರಾಂ ಹೆಚ್ಚಾದರೂ ರಾಡ್ ಎಸೆದ ಮೇಲೆ ಓಲಾಡುತ್ತಾ ಇರುತ್ತದೆ.

ನಮ್ಮ ಕೆರೆಗೆ?

ಇಲ್ಲೇ ದುಡ್ಡಿಗಿಂತ ದೊಡ್ಡ ಪ್ರಶ್ನೆ ಇರೋದು. ನಮ್ಮ ಕೆರೆಗಳಲ್ಲಿ ಜೊಂಡು, ಅಂತರಗಂಗೆ ಜಾಸ್ತಿ. ಮುರ್ರೆಲ್ ಥರದ ಮೀನು ಕಚ್ಚಿದ ತಕ್ಷಣ ಗಿಡದೊಳಗೆ ನುಗ್ಗುತ್ತದೆ. ತೆಳು ದಾರ ಕಡಿದು, ಬಾಯಲ್ಲಿ ಗಾಳ ಇಟ್ಕೊಂಡೇ ಅದು ಬದುಕಬೇಕಾಗುತ್ತದೆ. ಹಿಡಿದು ವಾಪಸ್ ಬಿಡೋರಿಗೂ ಅಷ್ಟೇ: ಮೆತ್ತನೆ ರಾಡ್‌ನಲ್ಲಿ ದೊಡ್ಡ ಮೀನನ್ನು ತುಂಬಾ ಹೊತ್ತು ಆಡಿಸಿದರೆ ಅದು ಸುಸ್ತಾಗಿ, ಬಿಟ್ಟ ಮೇಲೂ ಸಾಯಬಹುದು. ಗಿಡ ಇಲ್ಲದ ತಿಳಿನೀರು, ಅಂಗೈಯಷ್ಟು ಮೀನು ಇದ್ದ ಕಡೆ ಮಾತ್ರ ಬಿಎಫ್‌ಎಸ್ ಸರಿ. ಅಭಯಾರಣ್ಯದ ನೀರಿನ ಹತ್ತಿರ ರಾಡ್ ತಗೊಂಡು ಹೋಗೋದೇ ಬೇಡ. ಕಾವೇರಿಯ ಕಿತ್ತಳೆ ರೆಕ್ಕೆಯ ಮಹಶೀರ್ ಅಳಿವಿನ ಅಂಚಿನಲ್ಲಿದೆ. ಊರ ಕೆರೆಯಾದರೆ ಮೀನುಗಾರಿಕೆ ಯಾರ ಗುತ್ತಿಗೆಯಲ್ಲಿದೆ ಅಂತ ಮೊದಲೇ ಕೇಳಿ.

ಗೆಳೆಯನಿಗೆ ನಾನು ಹೇಳಿದ ಕ್ರಮ ಇದು: ಮೊದಲು ಯಾವ ಮೀನು, ಆಮೇಲೆ ಎಷ್ಟು ಗ್ರಾಂ ಲೂರ್, ಆಮೇಲೆ ಹಗುರ ಸ್ಪೂಲ್, ಕೊನೆಗೆ ರಾಡ್. ದುಡ್ಡು ಒಂದಕ್ಕೇ ಸಾಲೋದಾದರೆ ಸ್ಪೂಲ್‌ಗೆ ಹಾಕಿ, ಮಧ್ಯಮ ಬೆಲೆಯ 110 ಗ್ರಾಂ ರಾಡ್ ಸಾಕು. 2 ಗ್ರಾಂಗಿಂತ ಕಡಿಮೆ ಎಸೆಯೋ ಆಸೆ ಇದ್ದರೆ ಇಷ್ಟೆಲ್ಲ ತಲೆ ಕೆಡಿಸ್ಕೋಬೇಡಿ, ಅರ್ಧ ದುಡ್ಡಿಗೆ ಒಂದು ಸ್ಪಿನ್ನಿಂಗ್ ಸೆಟ್ ತಗೊಳ್ಳಿ.