ಅಡುಗೆಮನೆಯ ಚಿಮಣಿ: ಪೆಟ್ಟಿಗೆಯ ಅಂಕಿ ಮತ್ತು ಪೈಪಿನ ಲೆಕ್ಕ

ರಾಯಚೂರು ಸೀಮೆಯ ಆಡುಮಾತಿನಲ್ಲಿ ಚಿಮಣಿ ಎಂದರೆ ಬಹುಕಾಲ ಸೀಮೆಎಣ್ಣೆಯ ದೀಪವೇ ಆಗಿತ್ತು. ಇಂದು ಅದೇ ಹೆಸರು ಹೇಳಿ ಗ್ರಾಹಕರು ಕೇಳುವುದು ಒಲೆಯ ಮೇಲೆ ಅಳವಡಿಸುವ, ಹೊಗೆಯನ್ನೂ ಎಣ್ಣೆಯ ಆವಿಯನ್ನೂ ಹೊರಹಾಕುವ ವಿದ್ಯುತ್ ಉಪಕರಣವನ್ನು. ಮಾರಾಟದ ವೇಳೆ ಗಾಜಿನ ಹೊಳಪು, ಬಣ್ಣ, ಕೈಬೀಸಿದರೆ ಚಾಲೂ ಆಗುವ ಸೌಲಭ್ಯ ಇವುಗಳ ವಿವರಣೆ ದೀರ್ಘವಾಗಿ ನಡೆಯುತ್ತದೆ. ಗಾಳಿಯ ವಿಚಾರ ಮಾತ್ರ ಪೆಟ್ಟಿಗೆಯ ಮೇಲೆ ಮುದ್ರಿತವಾದ ಒಂದೇ ಅಂಕಿಯಲ್ಲಿ ಮುಗಿದುಹೋಗುತ್ತದೆ. ಒಗ್ಗರಣೆ ಹಾಕಿದೊಡನೆ ಪಡಸಾಲೆಯಲ್ಲಿ ಕುಳಿತವರು ಕೆಮ್ಮತೊಡಗಿದಾಗ ದೂರು ಬರುವುದು ತಯಾರಕರ ಬಳಿಗಲ್ಲ, ಮಾರಿದ ಅಂಗಡಿಗೆ. ದೇವದುರ್ಗ, ಮಾನ್ವಿಗಳಂಥ ಊರುಗಳಲ್ಲಿ ಗಿರಾಕಿಗಳು ಪರಸ್ಪರ ಪರಿಚಿತರು. ಅಲ್ಲಿ ಒಂದು ಮನೆಯ ಅಸಮಾಧಾನ ಹತ್ತು ಮನೆಯ ವ್ಯಾಪಾರವನ್ನು ಕೆಡಿಸಬಲ್ಲದು.

ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಕಾಣುವುದು ಗಂಟೆಗೆ 1,000, 1,200 ಅಥವಾ 1,500 ಘನ ಮೀಟರ್ ಎಂಬ ಅಂಕಿ. ಅಗತ್ಯವಾದರೂ ಎಷ್ಟು? ಹತ್ತು ಅಡಿ ಉದ್ದ, ಎಂಟು ಅಡಿ ಅಗಲ, ಹತ್ತು ಅಡಿ ಎತ್ತರದ ಅಡುಗೆಮನೆಯ ಗಾತ್ರ 800 ಘನ ಅಡಿ, ಅಂದರೆ ಸುಮಾರು 22.6 ಘನ ಮೀಟರ್. ಈ ಗಾಳಿಯನ್ನು ಗಂಟೆಗೆ 15 ಬಾರಿ ಬದಲಿಸಲು ಸುಮಾರು 340 ಘನ ಮೀಟರ್ ಸಾಕು. ಗೋಡೆಗೆ ಹೊಂದಿದ ಚಿಮಣಿಯ ಪ್ರತಿ ಅಡಿ ಅಗಲಕ್ಕೆ ನಿಮಿಷಕ್ಕೆ 100 ಘನ ಅಡಿ ಗಾಳಿ ಬೇಕೆಂಬುದು ಅಮೆರಿಕದಲ್ಲಿ ರೂಢಿಯಲ್ಲಿರುವ ಇನ್ನೊಂದು ಲೆಕ್ಕ. ನಿಮಿಷಕ್ಕೆ ಒಂದು ಘನ ಅಡಿ ಎಂದರೆ ಗಂಟೆಗೆ 1.7 ಘನ ಮೀಟರ್. ಎರಡು ಅಡಿಯ ಚಿಮಣಿಗೆ ಈ ಲೆಕ್ಕದಲ್ಲಿಯೂ 340 ಘನ ಮೀಟರೇ ಬರುತ್ತದೆ. ಮೆಣಸಿನಕಾಯಿ ಹುರಿಯುವ, ದಿನವೂ ಎಣ್ಣೆಯಲ್ಲಿ ಕರಿಯುವ ನಮ್ಮ ಮನೆಗಳಿಗೆ ಇದನ್ನು 500ಕ್ಕೆ ಏರಿಸಿಕೊಳ್ಳುವುದು ಯುಕ್ತ.

ಹಾಗಾದರೆ 1,200ರ ಚಿಮಣಿ ಇದ್ದೂ ಹೊಗೆ ಉಳಿಯುವುದೇಕೆ? ಪೆಟ್ಟಿಗೆಯ ಅಂಕಿ ಅನೇಕ ವೇಳೆ ಪೈಪು, ಬೆಂಡು ಯಾವುದರ ಅಡ್ಡಿಯೂ ಇಲ್ಲದೆ ಫ್ಯಾನು ತಳ್ಳಬಲ್ಲ ಗಾಳಿಯ ಪ್ರಮಾಣವಾಗಿರುತ್ತದೆ. ಅಷ್ಟು ಗಾಳಿ ಆರು ಇಂಚಿನ ಪೈಪಿನಲ್ಲಿ ಸಾಗಬೇಕಾದರೆ ಅದರ ವೇಗ ಸೆಕೆಂಡಿಗೆ 19 ಮೀಟರ್ ಆಗಬೇಕು, ಅಂದರೆ ಗಂಟೆಗೆ ಸುಮಾರು 68 ಕಿಲೋಮೀಟರ್. ಲಿಂಗಸುಗೂರು ರಸ್ತೆಯಲ್ಲಿ ಬಸ್ಸಿಗೂ ಅಷ್ಟು ವೇಗ ಸುಲಭವಲ್ಲ. ಬೆಂಡುಗಳು, ಎಣ್ಣೆ ಹಿಡಿದ ಜಾಲರಿ, ಪೂರ್ತಿ ಹಿಗ್ಗಿಸದೆ ಸುಕ್ಕುಸುಕ್ಕಾಗಿ ಬಿಟ್ಟ ಅಲ್ಯೂಮಿನಿಯಂ ಪೈಪು ಇವೆಲ್ಲ ಸೇರಿದಾಗ ಹರಿವು ತೀವ್ರವಾಗಿ ಕುಸಿಯುತ್ತದೆ. ಆದ್ದರಿಂದ ವಿತರಕರು ಕಂಪನಿಯ ಪ್ರತಿನಿಧಿಯನ್ನು ಕೇಳಬೇಕಾದ ಪ್ರಶ್ನೆ ಒಂದೇ: ಈ ಅಂಕಿ ಎಷ್ಟು ಒತ್ತಡದಲ್ಲಿ ದೊರೆತದ್ದು? ಒತ್ತಡ ಹೆಚ್ಚಿದಂತೆ ಹರಿವು ಹೇಗೆ ಇಳಿಯುತ್ತದೆಂಬುದನ್ನು ತೋರಿಸುವ ನಕ್ಷೆ ಕೊಡಬಲ್ಲ ಕಂಪನಿಯ 800ರ ಮಾಲು, ನಕ್ಷೆಯಿಲ್ಲದ 1,500ರ ಮಾಲಿಗಿಂತ ನಂಬಿಕೆಗೆ ಯೋಗ್ಯ.

ಅಳವಡಿಸುವವರು ಮಾಡುವ ಅತಿ ದುಬಾರಿ ಉಳಿತಾಯವೆಂದರೆ ಆರು ಇಂಚಿನ ಬಾಯಿಗೆ ನಾಲ್ಕು ಇಂಚಿನ ಪೈಪು ಜೋಡಿಸುವುದು. ಇದರಿಂದ ಗಾಳಿಯ ದಾರಿ ಅರ್ಧಕ್ಕೂ ಕಡಿಮೆಯಾಗುತ್ತದೆ, ಅಷ್ಟೇ ಗಾಳಿ ಸಾಗಿಸಲು ಬೇಕಾದ ಒತ್ತಡ ಏಳು ಪಟ್ಟಿಗೂ ಹೆಚ್ಚಾಗುತ್ತದೆ. ಹಳೆಯ ಕಲ್ಲಿನ ಮನೆಗಳ ದಪ್ಪ ಗೋಡೆ ಕೊರೆಯುವುದು ಕಷ್ಟವೆಂದು ಹೀಗೆ ಮಾಡುವುದುಂಟು. ಅಂಥ ಮಾಳಿಗೆ ಮನೆಗಳಲ್ಲಿ ಒಲೆಯ ನೆತ್ತಿಗೆ ಹಿರಿಯರು ಇರಿಸಿದ ಬೆಳಕಿಂಡಿ ಇದ್ದರೆ ಪೈಪನ್ನು ಅಲ್ಲಿಂದಲೇ ನೇರವಾಗಿ ಮೇಲಕ್ಕೆ ಒಯ್ಯಬಹುದು. ಮಳೆ ಬೀಳದಂತೆ ಟೋಪಿ, ಪಾರಿವಾಳ ಗೂಡು ಕಟ್ಟದಂತೆ ಅಗಲ ಕಣ್ಣಿನ ಜಾಲರಿ ಇದ್ದರಾಯಿತು. ಪೈಪೇ ಇಲ್ಲದೆ ಇದ್ದಿಲಿನ ಫಿಲ್ಟರ್ ಮೂಲಕ ಗಾಳಿಯನ್ನು ಮರಳಿ ಒಳಗೇ ಬಿಡುವ ಮಾದರಿಗಳು ವಾಸನೆಯನ್ನು ತಗ್ಗಿಸಬಲ್ಲವು. ಒಲೆಯ ಶಾಖವನ್ನೂ ತೇವವನ್ನೂ ಹೊರಹಾಕಲಾರವು.

ಒಳಗೆ ಬರದ ಗಾಳಿ ಹೊರಗೆ ಹೋಗುವುದಿಲ್ಲ ಎಂಬುದು ಬೇಸಿಗೆಯಲ್ಲಿ ಮುಖ್ಯವಾಗುತ್ತದೆ. ತಾಪಮಾನ 40 ಡಿಗ್ರಿ ದಾಟುವ ನಮ್ಮಲ್ಲಿ ಬಿಸಿಗಾಳಿ ಮತ್ತು ಧೂಳಿಗೆ ಹೆದರಿ ಕಿಟಕಿ ಬಾಗಿಲು ಭದ್ರಪಡಿಸುವುದು ವಾಡಿಕೆ. ಗಂಟೆಗೆ 500 ಘನ ಮೀಟರ್ ಹೊರಹೋಗಬೇಕಾದರೆ ಸುಮಾರು ಒಂದೂವರೆ ಚದರ ಅಡಿಯಷ್ಟು ತೆರವು ಇರಬೇಕು. ಇಲ್ಲದಿದ್ದರೆ ಚಿಮಣಿ ಸದ್ದು ಮಾಡುತ್ತದೆ, ಗಾಳಿ ಎಳೆಯುವುದಿಲ್ಲ. ಮನೆಯಲ್ಲಿ ಗ್ಯಾಸ್ ಗೀಸರ್ ಇದ್ದರೆ ಅಪಾಯ ಇನ್ನೂ ಗಂಭೀರ. ಅದರ ವಿಷಾನಿಲ ಹೊರಹೋಗುವ ಬದಲು ಚಿಮಣಿಯ ಸೆಳೆತಕ್ಕೆ ಸಿಕ್ಕಿ ಮನೆಯೊಳಕ್ಕೆ ಬರಬಹುದು.

ಹೋಟೆಲು ಮತ್ತು ಖಾನಾವಳಿಗಳು

ಮನೆಗಿಂತ ದೊಡ್ಡ ಪ್ರಶ್ನೆ ಹೋಟೆಲುಗಳದ್ದು. ಮುಂಜಾನೆ ಮಂಡಕ್ಕಿ ಒಗ್ಗರಣೆ ಮತ್ತು ಮಿರ್ಚಿ, ಮಧ್ಯಾಹ್ನ ಹಂಚಿನ ಮೇಲೆ ಸಾಲುಸಾಲಾಗಿ ಜೋಳದ ರೊಟ್ಟಿ. ಎಣ್ಣೆಯ ಕಡಾಯಿಯ ಮುಂದೆ ಒಬ್ಬನೇ ಬಾಣಸಿಗ ಗಂಟೆಗಟ್ಟಲೆ ನಿಲ್ಲುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2010ರಲ್ಲಿ ಪ್ರಕಟಿಸಿದ ತನ್ನ 95ನೆಯ ಸಂಪುಟದಲ್ಲಿ, ಅಧಿಕ ತಾಪದಲ್ಲಿ ಕರಿಯುವಾಗ ಹೊಮ್ಮುವ ಆವಿಯನ್ನು ಮನುಷ್ಯರಿಗೆ ಬಹುಶಃ ಕ್ಯಾನ್ಸರ್‌ಕಾರಕ ಎಂಬ ವರ್ಗಕ್ಕೆ ಸೇರಿಸಿದೆ. ಗೋಡೆಯ ಮೂಲೆಗೆ ಒಂದು ಎಕ್ಸಾಸ್ಟ್ ಫ್ಯಾನ್ ಕೂಡಿಸಿ ಕರ್ತವ್ಯ ಮುಗಿಯಿತೆಂದು ಭಾವಿಸುವ ಮಾಲೀಕರು ಇದನ್ನು ಗಮನಿಸಬೇಕು. ಅಂಥ ಫ್ಯಾನು ಹೊಗೆಯನ್ನು ಬಾಣಸಿಗನ ಮುಖದ ಮುಂದಿನಿಂದಲೇ ಎಳೆದೊಯ್ಯುವ ಸಂಭವವೂ ಉಂಟು.

ಭಟ್ಟಿಯ ಮೇಲಿನ ಹುಡ್‌ಗೆ ಸರಳ ಲೆಕ್ಕವಿದೆ. ಹುಡ್‌ನ ತೆರೆದ ಅಂಚುಗಳ ಒಟ್ಟು ಉದ್ದವನ್ನು, ಒಲೆಯಿಂದ ಹುಡ್‌ವರೆಗಿನ ಎತ್ತರವನ್ನು ಮತ್ತು ಸೆಕೆಂಡಿಗೆ ಕಾಲು ಮೀಟರ್ ವೇಗವನ್ನು ಗುಣಿಸಬೇಕು. ಗೋಡೆಗೆ ಒರಗಿದ ಆರು ಅಡಿ ಉದ್ದ, ಮೂರು ಅಡಿ ಅಗಲದ ಹುಡ್‌ಗೆ ಮೂರು ಕಡೆ ತೆರೆದ ಅಂಚು 3.6 ಮೀಟರ್. ಎತ್ತರ 1.2 ಮೀಟರ್ ಆದರೆ ಗಂಟೆಗೆ ಸುಮಾರು 3,900 ಘನ ಮೀಟರ್ ಗಾಳಿ ಬೇಕು. ಎರಡೂ ಪಕ್ಕಗಳಿಗೆ ಒಲೆಯ ಮಟ್ಟದವರೆಗೆ ತಗಡು ಇಳಿಬಿಟ್ಟರೆ ಅಂಚು 1.8 ಮೀಟರಿಗೆ ಇಳಿದು, 1,950 ಸಾಕಾಗುತ್ತದೆ. ಮೋಟಾರು, ಪೈಪು, ತಿಂಗಳ ವಿದ್ಯುತ್ ಬಿಲ್ಲು ಎಲ್ಲವೂ ಈ ಎರಡು ತಗಡುಗಳ ಮೇಲೆ ನಿಂತಿವೆ. ಇಷ್ಟು ಅಗ್ಗದ ಸುಧಾರಣೆ ಹೋಟೆಲ್ ಉದ್ಯಮದಲ್ಲಿ ಬೇರೊಂದು ಸಿಗುವುದು ಅಪರೂಪ.

ಅಕ್ಕಿ ಗಿರಣಿಯ ಕೈಗೆಲಸ

ಈ ಹುಡ್‌ಗಳನ್ನು ಹೈದರಾಬಾದಿನಿಂದ ತರಿಸಲೇಬೇಕೆಂದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಮಾನ್ವಿ, ರಾಯಚೂರು ಭಾಗಗಳಲ್ಲಿ ಭತ್ತ ಬೆಳೆಯಿತು, ಅದರ ಹಿಂದೆಯೇ ಗಿರಣಿಗಳು ಬಂದವು, ಗಿರಣಿಗಳಿಗೆ ತಗಡಿನ ಕೆಲಸದವರು ಬೇಕಾದರು. ಹೊಟ್ಟು ತೌಡುಗಳನ್ನು ಎಳೆಯುವ ಬ್ಲೋವರ್, ಸೈಕ್ಲೋನ್, ಗಾಳಿಪೈಪುಗಳನ್ನು ಕೂಡಿಸುವವರಿಗೆ ಪೈಪಿನ ಅಗಲ, ಬೆಂಡಿನ ತಿರುವು ಎಷ್ಟು ಮುಖ್ಯವೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಒಂದು ಬೆಂಡು ಹೆಚ್ಚಾದರೆ ಹೊಟ್ಟು ಪೈಪಿನಲ್ಲೇ ಕೂರುತ್ತದೆ, ತಪ್ಪು ಅದೇ ದಿನ ಬಯಲಾಗುತ್ತದೆ. ಅಡುಗೆಮನೆಯಲ್ಲಿ ಅದು ಬಯಲಾಗಲು ತಿಂಗಳುಗಳು ಬೇಕು.

ಆದರೆ ಗಿರಣಿಯ ಪೈಪನ್ನು ಹಾಗೆಯೇ ಹೋಟೆಲಿಗೆ ತರುವಂತಿಲ್ಲ. ತೆಳು ಜಿಐ ತಗಡನ್ನು ಮಡಿಚಿ ಕೂಡಿಸಿದ ಜೋಡಣೆಯಲ್ಲಿ ಧೂಳು ನಿಲ್ಲಬಹುದು, ಎಣ್ಣೆ ನಿಲ್ಲದು. ಸೋರಿದ, ಒಳಗೆ ಕಟ್ಟಿಕೊಂಡ ಜಿಡ್ಡಿಗೆ ಕಡಾಯಿಯ ಜ್ವಾಲೆ ತಗುಲಿದರೆ ಬೆಂಕಿ ಪೈಪಿನುದ್ದಕ್ಕೂ ಓಡುತ್ತದೆ. ಅಮೆರಿಕದ ಎನ್‌ಎಫ್‌ಪಿಎ 96 ಎಂಬ ಅಗ್ನಿಸುರಕ್ಷಾ ಮಾನದಂಡವು ಇಂಥ ಪೈಪಿಗೆ ಕನಿಷ್ಠ 16 ಗೇಜ್ ಉಕ್ಕು ಅಥವಾ 18 ಗೇಜ್ ಸ್ಟೇನ್‌ಲೆಸ್ ತಗಡನ್ನು, ಸೋರದ ವೆಲ್ಡಿಂಗ್ ಜೋಡಣೆಯನ್ನು ವಿಧಿಸುತ್ತದೆ. ಜಿಡ್ಡು ಹಿಂದಕ್ಕೆ ಹರಿಯುವಂತೆ ಇಳಿಜಾರು, ಕೈ ಹಾಕಿ ಒರೆಸಲು ಅಲ್ಲಲ್ಲಿ ಬಾಗಿಲು, ಗಾಳಿಯ ದಾರಿಯಿಂದ ಹೊರಗಿರುವ ಮೋಟಾರು ಸಹ ಅವಶ್ಯ. ಇವುಗಳಿಂದ ಬೆಲೆ ಏರುವುದು ನಿಜ. ತೆಳು ತಗಡಿನಲ್ಲಿ ಅಗ್ಗದ ದರ ಹೇಳಿ ಕೆಲಸ ಹಿಡಿಯುವ ಪೈಪೋಟಿಯನ್ನು ಈ ಒಂದು ವಸ್ತುವಿನಲ್ಲಾದರೂ ವರ್ಕ್‌ಶಾಪುಗಳು ಕೈಬಿಡುವುದು ಲೇಸು.

ಮಾರಿದ ಮಾಲು ಎಷ್ಟು ಗಾಳಿ ಎಳೆಯುತ್ತಿದೆಯೆಂದು ಊಹಿಸಬೇಕಾಗಿಲ್ಲ. ಗಾಳಿಯ ವೇಗ ಅಳೆಯುವ ಅನಿಮೋಮೀಟರ್ ಕೆಲವೇ ಸಾವಿರ ರೂಪಾಯಿಗೆ ದೊರೆಯುತ್ತದೆ. 60 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ಅಗಲದ ಜಾಲರಿಯ ಹಲವು ಬಿಂದುಗಳಲ್ಲಿ ಅಳೆದ ಸರಾಸರಿ ವೇಗ ಸೆಕೆಂಡಿಗೆ ಅರ್ಧ ಮೀಟರ್ ಬಂದರೆ, ಹರಿವು ಗಂಟೆಗೆ 432 ಘನ ಮೀಟರ್ ಎಂದು ಅರ್ಥ. ಈ ಅಂಕಿಯನ್ನು ಅಳವಡಿಕೆಯ ದಿನವೇ ಬಿಲ್ಲಿನ ಮೇಲೆ ಬರೆದುಕೊಟ್ಟರೆ ಮುಂದಿನ ತಕರಾರಿಗೆ ಆಧಾರ ಸಿಗುತ್ತದೆ. ಅಳತೆಯನ್ನು ಕಿಟಕಿ ತೆರೆದು ಒಮ್ಮೆ, ಮುಚ್ಚಿ ಒಮ್ಮೆ ಮಾಡಬೇಕು. ಎರಡರ ನಡುವೆ ದೊಡ್ಡ ಅಂತರ ಕಂಡುಬಂದರೆ, ಗಿರಾಕಿಗೆ ಇನ್ನೂ ದೊಡ್ಡ ಚಿಮಣಿ ತೋರಿಸುವ ಮೊದಲು ಬಡಿಗರನ್ನು ಕರೆಸಿ ಅಡುಗೆಮನೆಯ ಬಾಗಿಲಿಗೆ ಒಂದು ಜಾಲರಿ ಕೂಡಿಸುವುದು ಅಗ್ಗ.