ಗ್ರಾಫ್ ಆಯ್ಕೆ ಸಿಗುತ್ತಿಲ್ಲವೇ? ಮೊದಲು ಅಂಕಪಟ್ಟಿ ನೋಡಿ

ಸಿಇಟಿ ಮಾದರಿ ಪರೀಕ್ಷೆ ಮುಗಿದ ಮೇಲೆ ಯಾರಿಗೆ ಎಷ್ಟು ಅಂಕ ಬಂತು ಎಂದು ಎಲ್ಲರೂ ಕೇಳುತ್ತಾರೆ. ಪ್ರಶ್ನೆಗಳು ಸರಿಯಿದ್ದವೇ ಎಂದು ಕೇಳುವವರು ಕಡಿಮೆ. ಅದನ್ನು ಲೆಕ್ಕದಿಂದ ಪರಿಶೀಲಿಸುವ ವಿಧಾನವೇ ಐಟಂ ರೆಸ್ಪಾನ್ಸ್ ಥಿಯರಿ, ಅಂದರೆ ಐಆರ್‌ಟಿ. ಇದರಲ್ಲಿ ಪ್ರತಿ ಪ್ರಶ್ನೆಗೂ ಒಂದು ವಕ್ರರೇಖೆ ಇರುತ್ತದೆ. ಅಡ್ಡ ಅಕ್ಷದಲ್ಲಿ ವಿದ್ಯಾರ್ಥಿಯ ಸಾಮರ್ಥ್ಯ, ಲಂಬ ಅಕ್ಷದಲ್ಲಿ ಸರಿಯುತ್ತರದ ಸಂಭವನೀಯತೆ. ಒಳ್ಳೆಯ ಪ್ರಶ್ನೆಯ ರೇಖೆ ಬಲಕ್ಕೆ ಹೋದಂತೆ ಏರುತ್ತದೆ. ಇಳಿದರೆ ಕೀ ಉತ್ತರವನ್ನೇ ಅನುಮಾನಿಸಬೇಕು. 2021ರ ನವೆಂಬರ್ 12ರಂದು ದೇಶದಾದ್ಯಂತ ನಡೆದ ರಾಷ್ಟ್ರೀಯ ಸಾಧನಾ ಸಮೀಕ್ಷೆಯ ಅಂಕಗಳ ಹಿಂದೆಯೂ ಇದೇ ಐಆರ್‌ಟಿ ಇದೆ.

ಸಂಖ್ಯಾಶಾಸ್ತ್ರ ಓದುತ್ತಿರುವವರು ಇದನ್ನು ಉಚಿತವಾಗಿ ಮಾಡಿ ನೋಡಬಹುದು. ಆರ್ ತಂತ್ರಾಂಶದಲ್ಲಿ ಎಲ್‌ಟಿಎಂ, ಇಆರ್‌ಎಂ, ಮಿರ್ಟ್ ಎಂಬ ಪ್ಯಾಕೇಜುಗಳಿವೆ. ಆದರೆ ಪುಸ್ತಕದಲ್ಲಿ ಕಂಡ ಗ್ರಾಫ್ ನಮ್ಮ ಪರದೆಯಲ್ಲಿ ಬರುವುದಿಲ್ಲ. ಆಯ್ಕೆ ಮಸುಕಾಗಿರುತ್ತದೆ, ಇಲ್ಲವೇ ಕೆಂಪಕ್ಷರದ ಸಂದೇಶ ಬರುತ್ತದೆ. ಕೂಡಲೇ ತಂತ್ರಾಂಶ ಅಳಿಸಿ ಮತ್ತೆ ಹಾಕುವವರೇ ಹೆಚ್ಚು. ಸಾಮಾನ್ಯವಾಗಿ ಅದರಿಂದ ಏನೂ ಪ್ರಯೋಜನವಿಲ್ಲ.

ಮೊದಲು ಅಂಕಪಟ್ಟಿ ತೆರೆಯಿರಿ. ಗೈರಾದವರ ಮುಂದೆ ‘ಎಬಿ’ ಎಂದು ಬರೆಯುವುದು ನಮ್ಮ ರೂಢಿ. ಅಂಕಿಗಳ ಕಾಲಂನಲ್ಲಿ ಅಂಥ ಒಂದೇ ಒಂದು ಪದವಿದ್ದರೂ ತಂತ್ರಾಂಶ ಇಡೀ ಕಾಲಂ ಅನ್ನು ಅಕ್ಷರವೆಂದು ಓದುತ್ತದೆ. ಆ ಮನೆಯನ್ನು ಖಾಲಿ ಬಿಡಿ. ಸೊನ್ನೆ ಹಾಕಬೇಡಿ, ಗೈರು ಬೇರೆ, ತಪ್ಪುತ್ತರ ಬೇರೆ. ಎ, ಬಿ, ಸಿ, ಡಿ ಎಂಬ ಉತ್ತರಗಳನ್ನು ಕೀ ನೋಡಿ 1 ಅಥವಾ 0 ಆಗಿ ಬದಲಿಸಿರಬೇಕು. ಆಮೇಲೆ ಪ್ರತಿ ಕಾಲಂನ ಮೊತ್ತ ನೋಡಿ. ಎಲ್ಲರೂ ಸರಿ ಮಾಡಿದ ಅಥವಾ ಎಲ್ಲರೂ ತಪ್ಪು ಮಾಡಿದ ಪ್ರಶ್ನೆಗೆ ರೇಖೆಯೇ ಇಲ್ಲ. ಸಣ್ಣ ತರಗತಿಯಲ್ಲಿ ಇಂಥವು ಸಿಕ್ಕೇ ಸಿಗುತ್ತವೆ.

ಪಟ್ಟಿ ಸರಿಯಿದ್ದರೆ ತೊಡಕು ಮಾದರಿಯಲ್ಲಿ. ದಾಬಸ್‌ಪೇಟೆ ಕಡೆ ಹೊರಟ ಬಸ್ಸು ಹತ್ತಿ ದೊಡ್ಡಬಳ್ಳಾಪುರದ ಟಿಕೆಟ್ ಕೇಳಿದರೆ ಕಂಡಕ್ಟರ್ ಕೊಡುತ್ತಾರೆಯೇ? ಇಆರ್‌ಎಂನಲ್ಲಿ ಎಲ್ಲ ಪ್ರಶ್ನೆಗಳ ರೇಖೆಗಳನ್ನು ಒಂದೇ ಚಿತ್ರದಲ್ಲಿ ತೋರಿಸುವ ಆಯ್ಕೆ 0–1 ಅಂಕದ ಪ್ರಶ್ನೆಗಳಿಗೆ ಮಾತ್ರ. ಐದು ಅಂಕದ ಪ್ರಶ್ನೆಯಲ್ಲಿ ಪ್ರತಿ ಅಂಕಕ್ಕೂ ಒಂದೊಂದು ರೇಖೆ, ಹಾಗಾಗಿ ಅಲ್ಲಿ ಆ ಆಯ್ಕೆ ಕೆಲಸ ಮಾಡದು. ಮಿರ್ಟ್‌ನಲ್ಲಿ ಹಲವು ಸಾಮರ್ಥ್ಯಗಳನ್ನು ಒಟ್ಟಿಗೆ ಅಳೆಯಲು ಹೊರಟರೆ ಚಿತ್ರಕ್ಕೆ ಅಕ್ಷಗಳೇ ಸಾಲುವುದಿಲ್ಲ.

ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, ನಾಲ್ಕು ಆಯ್ಕೆ, ತಪ್ಪಿಗೆ ಅಂಕ ಕಡಿತವಿಲ್ಲ. ಏನೂ ಗೊತ್ತಿಲ್ಲದವರಿಗೂ ಸರಿಯಾಗುವ ಸಂಭವನೀಯತೆ ಸುಮಾರು 0.25. ಈ ಊಹೆಯನ್ನು ಲೆಕ್ಕಕ್ಕೆ ತರುವುದು ಮೂರು ಪ್ರಾಚಲಗಳ ಮಾದರಿ. ಸರಳವಾದ ರಾಷ್ ಮಾದರಿ ಓಡಿಸಿ ಊಹೆಯ ಗ್ರಾಫ್ ಹುಡುಕಿದರೆ ಅದು ಸಿಗುವುದಿಲ್ಲ. ಹಾಗೆಂದು ಐವತ್ತು ಮಂದಿಯ ತರಗತಿಗೆ ಮೂರು ಪ್ರಾಚಲಗಳ ಮಾದರಿ ಹಾಕುವುದೂ ಬೇಡ. ಅದಕ್ಕೆ ಸಾಮಾನ್ಯವಾಗಿ ಸಾವಿರದ ಲೆಕ್ಕದಲ್ಲಿ ವಿದ್ಯಾರ್ಥಿಗಳು ಬೇಕು. ನಮಗೆ ರಾಷ್ ಸಾಕು.

ಆದರೆ ರಾಷ್‌ನಲ್ಲಿ ಎಲ್ಲ ರೇಖೆಗಳೂ ಒಂದೇ ಓರೆಯಲ್ಲಿ ಏರಲೇಬೇಕು. ಕೀ ತಪ್ಪಿದ್ದರೂ ರೇಖೆ ಚೆಂದವಾಗಿ ಏರುತ್ತದೆ! ಆದ್ದರಿಂದ ನಿಜವಾದ ಉತ್ತರಗಳ ಬಿಂದುಗಳನ್ನೂ ಅದೇ ಚಿತ್ರದ ಮೇಲೆ ಹಾಕಿ ನೋಡಬೇಕು. ಇಆರ್‌ಎಂನಲ್ಲಿ 0–1 ಅಂಕಗಳ ರಾಷ್ ಮಾದರಿಗೆ ಈ ಸೌಲಭ್ಯವಿದೆ.

ಯಾವ ರೇಖೆಯೂ ಹೇಳದ ಸಂಗತಿಯೂ ಇದೆ. 2024ರ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನವೆಂದು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಅಂಥ ಪ್ರಶ್ನೆ ಗ್ರಾಫಿನಲ್ಲಿ ಬರೀ ಕಷ್ಟದ ಪ್ರಶ್ನೆಯಂತೆ ಕಾಣಬಹುದು. ಅದಕ್ಕೆ ಪಠ್ಯಪುಸ್ತಕವನ್ನೇ ತೆರೆಯಬೇಕು.

ಕಂಪ್ಯೂಟರ್ ಸಿಗದಿದ್ದರೆ ಒಟ್ಟು ಅಂಕದ ಪ್ರಕಾರ ತರಗತಿಯನ್ನು ಮೂರು ಗುಂಪು ಮಾಡಿ. ಪ್ರತಿ ಗುಂಪಿನಲ್ಲಿ ಆ ಪ್ರಶ್ನೆ ಸರಿ ಮಾಡಿದವರ ಪ್ರಮಾಣವನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಮೂರು ಚುಕ್ಕೆ ಇಳಿಮುಖವಾಗಿದ್ದರೆ ಕೀ ಹಿಡಿದು ಉಪನ್ಯಾಸಕರ ಬಳಿ ಹೋಗಿ.